ಹೊಸ ಮನೆಯ ಅಡುಗೆಮನೆ: ಪ್ಲಾಸ್ಟರಿಂಗ್‌ಗೆ ಮೊದಲೇ ತೀರ್ಮಾನವಾಗಬೇಕಾದ ಅಳತೆಗಳು

ಕಟ್ಟೆ ಎಷ್ಟು ಎತ್ತರ ಇರಬೇಕು, ಸಿಂಕ್ ಎಲ್ಲಿ ಬರಬೇಕು, ಚಿಮಣಿ ಬೇಕೇ ಬೇಕಾ, ಪ್ಲಗ್ ಪಾಯಿಂಟ್ ಎಷ್ಟು ಇಡಿಸಲಿ? ಮನೆ ಕಟ್ಟಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಬಹಳಷ್ಟು ಜನ ಇವನ್ನು ಕೇಳುವುದು ತಡವಾಗಿ. ಗೋಡೆಗೆ ಟೈಲ್ಸ್ ಅಂಟಿಸಿ ಆಗಿರುತ್ತದೆ, ಮಾಡ್ಯುಲರ್ ಕಿಚನ್‌ನವರು ಅಳತೆಗೆ ಬಂದಿರುತ್ತಾರೆ. ಆ ಹೊತ್ತಿಗೆ ನೀರಿನ ಪೈಪು, ಕರೆಂಟಿನ ಪೈಪು, ಕಿಟಕಿ ಎಲ್ಲವೂ ಗೋಡೆಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ನಿಮ್ಮ ಪಾಲಿಗೆ ಉಳಿಯುವುದು ಕಪಾಟಿನ ಬಣ್ಣ ಆರಿಸುವ ಕೆಲಸ ಮಾತ್ರ. ಅಡುಗೆಮನೆ ಚೆನ್ನಾಗಿ ಬರುವುದು ದುಬಾರಿ ಕಪಾಟಿನಿಂದಲ್ಲ. ಅಲ್ಲಿ ನಿಂತು ಕೆಲಸ ಮಾಡುವವರ ಮೈಯಳತೆ ಮತ್ತು ಮನೆಯ ಪಾತ್ರೆಪಗಡಗಳ ಲೆಕ್ಕ ಗೋಡೆ ಹಸಿಯಿರುವಾಗಲೇ ಸೇರಿಕೊಂಡರೆ ಮಾತ್ರ.

ಹಾಗಾಗಿ ಇದು ಗೋಡೆ ಎದ್ದು, ಪ್ಲಾಸ್ಟರಿಂಗ್ ಇನ್ನೂ ಆಗದ ಹಂತದಲ್ಲಿರುವವರಿಗೆ. 30×40 ಸೈಟಿನ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ 8×10 ಅಥವಾ 10×10 ಅಡಿಯ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದು. ಮೇಸ್ತ್ರಿ, ಬಡಗಿ ಇಬ್ಬರೂ ಮಾತಾಡುವುದು ಅಡಿ-ಇಂಚಿನಲ್ಲಾದ್ದರಿಂದ ಅಳತೆಗಳೂ ಹಾಗೇ ಇವೆ. ಟೇಪು, ಸೀಮೆಸುಣ್ಣ, ಚೌಕುಳಿ ಹಾಳೆ ಹತ್ತಿರ ಇಟ್ಟುಕೊಳ್ಳಿ.

1. ಮೂರು ಪಟ್ಟಿ ಬರೆಯಿರಿ

ನಕ್ಷೆಗೆ ಕೈ ಹಾಕುವ ಮೊದಲು ಈಗಿರುವ ಮನೆಯ ಅಡುಗೆಮನೆಯಲ್ಲಿ ಕೂತು ಮೂರು ಪಟ್ಟಿ ಮಾಡಿ.

ಮೊದಲನೆಯದು ಪಾತ್ರೆಗಳದ್ದು. ನಿತ್ಯ ಬಳಸುವವು, ವಾರಕ್ಕೊಮ್ಮೆ ತೆಗೆಯುವವು, ಹಬ್ಬ-ತಿಥಿಗೆ ಮಾತ್ರ ಇಳಿಸುವವು ಎಂದು ಮೂರು ಗುಂಪು. ಪ್ರತಿ ಗುಂಪಿನ ಅತಿ ದೊಡ್ಡ ಪಾತ್ರೆಯ ಅಗಲ, ಎತ್ತರ ಅಳೆದುಕೊಳ್ಳಿ. ಅಳೆಯುವಾಗ ಹಿಡಿಕೆ ಬಿಡಬೇಡಿ. 5 ಲೀಟರಿನ ಕುಕ್ಕರ್ ಹಿಡಿಕೆ ಸಮೇತ 16-17 ಇಂಚು ಉದ್ದ ಬರುತ್ತದೆ. 14 ಇಂಚು ಅಗಲದ ಡ್ರಾಯರ್‌ನಲ್ಲಿ ಅದು ಕೂರುವುದಿಲ್ಲ.

ಎರಡನೆಯದು ಯಂತ್ರಗಳದ್ದು: ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ಓವನ್, ನೀರಿನ ಫಿಲ್ಟರ್, ಇಂಡಕ್ಷನ್ ಒಲೆ. ಮುಂದೆ ಕೊಳ್ಳಬಹುದಾದ ಡಿಶ್‌ವಾಷರನ್ನೂ ಸೇರಿಸಿ. ಪ್ರತಿಯೊಂದರ ಉದ್ದ, ಅಗಲ, ಎತ್ತರದ ಜೊತೆಗೆ ಹಿಂಬದಿಯ ಚೀಟಿಯಲ್ಲಿರುವ ವ್ಯಾಟ್ ಕೂಡ ಬರೆದುಕೊಳ್ಳಿ. ಈ ಸಂಖ್ಯೆ ವೈರಿಂಗ್ ಹಂತದಲ್ಲಿ ಬೇಕಾಗುತ್ತದೆ.

ಮೂರನೆಯದು ದಿನಸಿ. 25 ಕಿಲೋ ಅಕ್ಕಿಗೆ ಸುಮಾರು 32 ಲೀಟರ್ ಜಾಗ ಬೇಕು. ರಾಗಿಹಿಟ್ಟು, ಬೇಳೆ, ಸಕ್ಕರೆ, ಎಣ್ಣೆ, ಮೆಣಸಿನಕಾಯಿ ಎಲ್ಲ ಹೀಗೆ ಲೆಕ್ಕ ಹಾಕಿದರೆ ನಿಮಗೆ ಬೇರೆ ಉಗ್ರಾಣ ಬೇಕೋ, ಒಂದು ಎತ್ತರದ ಕಪಾಟು ಸಾಕೋ ತಿಳಿಯುತ್ತದೆ. ಊರಿಂದ ವರ್ಷದ ಅಕ್ಕಿ, ತೆಂಗಿನಕಾಯಿ ಬರುವ ಮನೆಗೆ 4×5 ಅಡಿಯ ಉಗ್ರಾಣ ಬೇಕೇ ಬೇಕು.

ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಬರೆಯಿರಿ: ಈ ಮನೆಯಲ್ಲಿ ಹೆಚ್ಚು ಆಗುವ ಅಡುಗೆ ಯಾವುದು? ಇಡ್ಲಿ-ದೋಸೆಯ ಮನೆಗೆ ಗ್ರೈಂಡರ್ ಎತ್ತಿಡದೆ ಬಳಸುವ ಜಾಗ ಬೇಕು. ಜೋಳದ ರೊಟ್ಟಿಯ ಮನೆಗೆ ಒಲೆಯ ಪಕ್ಕದಲ್ಲೇ ತಟ್ಟಲು ಎರಡೂವರೆ ಅಡಿ ಖಾಲಿ ಕಲ್ಲು ಬೇಕು. ಮೀನಿನ ಅಡುಗೆಯ ಮನೆಗೆ ಹೊರಗೊಂದು ನಲ್ಲಿ, ಕಟ್ಟೆ ಬೇಕು. ನಕ್ಷೆ ಬದಲಾಗುವುದು ಈ ಒಂದು ಸಾಲಿನಿಂದ.

2. ಕೋಣೆ, ಬಾಗಿಲು, ಕಿಟಕಿ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಊಟದ ಜಾಗ ಬೇರೆ ಇರುವ ಮನೆಯಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಇರಬೇಕು. ಅಂದರೆ ಸುಮಾರು 54 ಚದರಡಿ, 6 ಅಡಿ ಅಗಲ. ಹೊರಗೆ ತೆರೆಯುವ ಕಿಟಕಿ 1 ಚದರ ಮೀಟರ್‌ಗೆ ಕಡಿಮೆ ಇರಬಾರದು. 4×3 ಅಡಿಯ ಕಿಟಕಿ ಇಟ್ಟರೆ ಅಷ್ಟಾಗುತ್ತದೆ.

ವಾಸ್ತು ನೋಡುವವರು ಆಗ್ನೇಯದಲ್ಲಿ ಅಡುಗೆಮನೆ, ಪೂರ್ವಕ್ಕೆ ಮುಖ ಮಾಡಿ ಅಡುಗೆ ಎನ್ನುತ್ತಾರೆ. ಹಾಗೆ ಮಾಡಲು ಯಾವ ತೊಂದರೆಯೂ ಇಲ್ಲ. ತೊಂದರೆ ಬರುವುದು ಪೂರ್ವದ ಕಿಟಕಿಯ ಕೆಳಗೇ ಒಲೆ ಇಟ್ಟಾಗ. ಗಾಳಿಗೆ ಉರಿ ಅಲ್ಲಾಡುತ್ತದೆ, ಪಾತ್ರೆ ಒಂದೇ ಕಡೆ ಕಾಯುತ್ತದೆ, ಚಿಮಣಿ ಹಾಕಲು ಗೋಡೆಯೇ ಇರುವುದಿಲ್ಲ. ಕಿಟಕಿಯ ಕೆಳಗೆ ಸಿಂಕ್ ಬರಲಿ, ಒಲೆ ಅದೇ ಗೋಡೆಯಲ್ಲಿ ಕಿಟಕಿಯಿಂದ ಕನಿಷ್ಠ 2 ಅಡಿ ಪಕ್ಕಕ್ಕೆ ಬರಲಿ. ಆಗ ಎರಡೂ ನಡೆಯುತ್ತದೆ.

ಕಿಟಕಿಯ ತಳ ನೆಲದಿಂದ 42 ಇಂಚಿಗಿಂತ ಕೆಳಗೆ ಬರಬಾರದು. ಉಳಿದ ಕೋಣೆಗಳ ಹಾಗೆ 3 ಅಡಿಗೆ ಇಟ್ಟರೆ ಕಟ್ಟೆಗೂ ಕಿಟಕಿಗೂ ನಡುವೆ ಮೂರು ಇಂಚೂ ಉಳಿಯುವುದಿಲ್ಲ, ಸಿಂಕಿನ ನೀರೆಲ್ಲ ಚೌಕಟ್ಟಿಗೆ ಸಿಡಿಯುತ್ತದೆ. ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ನಲ್ಲಿಯ ಕತ್ತಿಗೆ ತಾಗುತ್ತದೆ. ಜಾರುವ ಬಾಗಿಲು ಅಥವಾ ಹೊರಕ್ಕೆ ತೆರೆಯುವುದನ್ನೇ ಆರಿಸಿ.

ಯುಟಿಲಿಟಿ, ಅಂದರೆ ಅಡುಗೆಮನೆಗೆ ಅಂಟಿದ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಜಾಗ, 4 ಅಡಿಗಿಂತ ಕಿರಿದಾದರೆ ವಾಷಿಂಗ್ ಮೆಷಿನ್ ಇಟ್ಟ ಮೇಲೆ ನಿಲ್ಲಲು ಜಾಗ ಇರುವುದಿಲ್ಲ. ಅದರ ನೆಲ ಅಡುಗೆಮನೆಯ ನೆಲಕ್ಕಿಂತ ಒಂದೂವರೆ ಇಂಚಾದರೂ ತಗ್ಗಿರಲಿ. ಇಲ್ಲದಿದ್ದರೆ ತೊಳೆದ ನೀರು ಒಳಗೆ ಬರುತ್ತದೆ.

3. ಕಟ್ಟೆಯ ಆಕಾರ ನೆಲದ ಮೇಲೆ ಬರೆಯಿರಿ

ಕಟ್ಟೆಯ ಆಳ, ಅಂದರೆ ಗೋಡೆಯಿಂದ ಮುಂದಿನ ಅಂಚಿಗೆ, 24 ಇಂಚು. 8×10 ಅಡಿಗೆ ಎಲ್ ಆಕಾರ ಹೊಂದುತ್ತದೆ. 10×10ಕ್ಕೆ ಯು ಆಕಾರವೂ ನಡೆಯುತ್ತದೆ. ಎದುರುಬದುರು ಕಟ್ಟೆ ಮಾಡಿಸಿದರೆ ನಡುವೆ ಓಡಾಡಲು ಕನಿಷ್ಠ 42 ಇಂಚು ಬಿಡಿ. ಇಬ್ಬರು ಒಟ್ಟಿಗೆ ಕೆಲಸ ಮಾಡುವ ಮನೆಯಾದರೆ 48. 36ಕ್ಕೆ ಇಳಿಸಿದರೆ ಕೆಳಗಿನ ಡ್ರಾಯರ್ ಎಳೆದಾಗ ಹಿಂದೆ ಇನ್ನೊಬ್ಬರು ದಾಟಲಾಗುವುದಿಲ್ಲ.

ಜೋಡಣೆಯ ಕ್ರಮ ಹೀಗಿರಲಿ: ಬಾಗಿಲ ಹತ್ತಿರ ಫ್ರಿಜ್ಜು, ಆಮೇಲೆ ಸಿಂಕ್, ಆಮೇಲೆ ಹೆಚ್ಚುವ ಜಾಗ, ಕೊನೆಗೆ ಒಲೆ. ತರಕಾರಿ ಹೊರಬಂದು, ತೊಳೆಸಿಕೊಂಡು, ಹೆಚ್ಚಿಸಿಕೊಂಡು ಒಲೆಗೆ ಹೋಗುವ ಹಾದಿ ಇದೇ. ಫ್ರಿಜ್ಜು ಬಾಗಿಲ ಬಳಿ ಇದ್ದರೆ ನೀರಿಗೆ, ಹಾಲಿಗೆ ಬರುವ ಮಕ್ಕಳು ಬಿಸಿ ಒಲೆ ದಾಟಿ ಒಳಗೆ ಬರಬೇಕಾಗಿಲ್ಲ. ಸಿಂಕ್ ಮತ್ತು ಒಲೆಯ ನಡುವೆ ಕನಿಷ್ಠ 30 ಇಂಚು ಖಾಲಿ ಕಲ್ಲು ಬೇಕು, 36 ಇದ್ದರೆ ಇನ್ನೂ ಹಿತ. ಒಲೆಯ ಇನ್ನೊಂದು ಬದಿಗೂ 15 ಇಂಚು ಬಿಡಿ. ಬಾಣಲೆ ಇಳಿಸಲು ಜಾಗ ಅದು. ಒಲೆಯನ್ನು ಗೋಡೆಯ ಮೂಲೆಗೆ ಒತ್ತಿಟ್ಟರೆ ಕುಕ್ಕರಿನ ಹಿಡಿಕೆ ಗೋಡೆಗೆ ತಾಗುತ್ತದೆ.

ಫ್ರಿಜ್ಜಿನ ಜಾಗ ಅಳೆಯುವಾಗ ಹೆಚ್ಚಿನವರು ಪೆಟ್ಟಿಗೆಯ ಅಗಲವನ್ನಷ್ಟೇ ನೋಡುತ್ತಾರೆ. ಬಾಗಿಲು ಪೂರ್ತಿ ತೆರೆದುಕೊಳ್ಳದಿದ್ದರೆ ಒಳಗಿನ ತರಕಾರಿ ಡಬ್ಬ ಹೊರಗೆ ಬರುವುದೇ ಇಲ್ಲ. ಗೋಡೆಯ ಪಕ್ಕ ನಿಲ್ಲಿಸುವುದಾದರೆ ಬಾಗಿಲಿನ ಕೀಲು ಇರುವ ಬದಿಗೆ 4 ಇಂಚು ಬಿಡಿ, ಹಿಂದೆ ಬಿಸಿ ಹೋಗಲು 3 ಇಂಚು.

ಇಷ್ಟನ್ನೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ನಿಜ ಅಳತೆಯಲ್ಲಿ ಬರೆದು, ಅಡುಗೆ ಮಾಡುವವರೇ ಒಳಗೆ ನಿಂತು ಓಡಾಡಿ ನೋಡಲಿ. ಹಾಳೆಯ ಮೇಲೆ ಕಾಣದ ತಪ್ಪು ಅಲ್ಲಿ ಕಾಣುತ್ತದೆ.

4. ಎತ್ತರ: ಇಲ್ಲಿ ಅವಸರ ಬೇಡ

ಇಡೀ ಅಡುಗೆಮನೆಯಲ್ಲಿ ಅತಿ ಮುಖ್ಯವಾದ ಸಂಖ್ಯೆ ಕಟ್ಟೆಯ ಎತ್ತರ. ಆದರೂ ಹೆಚ್ಚಿನ ಮನೆಗಳಲ್ಲಿ ಅದನ್ನು ತೀರ್ಮಾನಿಸುವುದು ಆ ದಿನ ಕೆಲಸಕ್ಕೆ ಬಂದ ಮೇಸ್ತ್ರಿ.

ಲೆಕ್ಕ ಸರಳ. ಹೆಚ್ಚು ಹೊತ್ತು ಅಡುಗೆ ಮಾಡುವವರು ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿ ನೇರ ನಿಲ್ಲಲಿ, ಮೊಣಕೈ ಮಡಚಲಿ. ನೆಲದಿಂದ ಮೊಣಕೈಗೆ ಇರುವ ಎತ್ತರದಲ್ಲಿ 4ರಿಂದ 6 ಇಂಚು ಕಳೆದರೆ ಹೆಚ್ಚುವ, ಲಟ್ಟಿಸುವ ಕಟ್ಟೆಯ ಎತ್ತರ ಸಿಗುತ್ತದೆ. 5 ಅಡಿ 1 ಇಂಚು ಎತ್ತರದವರ ಮೊಣಕೈ ಸುಮಾರು 38 ಇಂಚಿಗೆ ಬರುತ್ತದೆ. ಅವರಿಗೆ 32ರಿಂದ 34 ಸರಿ. 5 ಅಡಿ 6 ಇಂಚಿನವರಿಗೆ 35-36 ಬೇಕು.

ಒಲೆಯ ಜಾಗಕ್ಕೆ ಈ ಲೆಕ್ಕ ಸಾಲದು. 33 ಇಂಚಿನ ಕಟ್ಟೆಯ ಮೇಲೆ 5 ಇಂಚಿನ ಗ್ಯಾಸ್ ಒಲೆ, ಅದರ ಮೇಲೆ 8 ಇಂಚಿನ ಪಾತ್ರೆ ಇಟ್ಟರೆ ಪಾತ್ರೆಯ ಬಾಯಿ 46 ಇಂಚಿಗೆ ಹೋಗುತ್ತದೆ. 5 ಅಡಿಯವರಿಗೆ ಅದು ಎದೆಯ ಮಟ್ಟ. ಸಾರು ಕುದಿಸಲು ಪರವಾಗಿಲ್ಲ, ರಾಗಿಮುದ್ದೆಗೆ ಆಗುವುದಿಲ್ಲ. ಹಿಂದೆಲ್ಲ ನೆಲದ ಒಲೆಯ ಮುಂದೆ ಕೂತು ಕವೆಗೋಲನ್ನು ಕಾಲಿನಿಂದ ಒತ್ತಿ ಪಾತ್ರೆ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ಮೇಲಿನಿಂದ ಮೈಭಾರ ಹಾಕಿ ಹಿಟ್ಟು ತೊಳಸುತ್ತಿದ್ದರು. ಎದೆಯೆತ್ತರದ ಪಾತ್ರೆಯಲ್ಲಿ ಆ ಮೈಭಾರ ಸಿಗುವುದಿಲ್ಲ. ಕೆಲಸವೆಲ್ಲ ಭುಜದ ಮೇಲೆ ಬೀಳುತ್ತದೆ, ಮುದ್ದೆ ಗಂಟಾಗುತ್ತದೆ, ಪಾತ್ರೆ ಜಾರುವ ಅಪಾಯ ಬೇರೆ. ಹಬ್ಬದ ದಿನ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಕೈಯಾಡಿಸುವಾಗಲೂ ಹೀಗೇ.

ಆದ್ದರಿಂದ ಒಲೆಯ ಜಾಗದಲ್ಲಿ, 3 ಅಡಿ ಉದ್ದಕ್ಕೆ, ಕಟ್ಟೆಯನ್ನು 4ರಿಂದ 5 ಇಂಚು ತಗ್ಗಿಸಿ. 33ರ ಕಟ್ಟೆಗೆ 28-29ರ ಒಲೆ ಜಾಗ. ಕಲ್ಲಿನೊಳಗೆ ಕೂರುವ ಹಾಬ್ ಒಲೆ ಹಾಕಿಸುವುದಾದರೆ ಒಲೆಯ ಎತ್ತರ ಹೇಗೂ ಮೂರು ಇಂಚು ಉಳಿಯುವುದರಿಂದ ಎರಡು ಇಂಚು ತಗ್ಗಿಸಿದರೆ ಸಾಕು. ತಗ್ಗಿಸಿದ ಜಾಗದ ಎರಡೂ ಬದಿಯ ಅಂಚಿಗೆ ಕಲ್ಲಿನ ಪಟ್ಟಿ ನಿಲ್ಲಿಸಿ ಸಂದು ಮುಚ್ಚಿಸಿ. ಇಲ್ಲದಿದ್ದರೆ ಉಕ್ಕಿದ ಹಾಲು ಅಲ್ಲಿ ಸೇರಿ ಜಿರಳೆಗೆ ದಾರಿಯಾಗುತ್ತದೆ.

ಸಿಂಕಿಗೆ ಇದರ ಉಲ್ಟಾ. ಕೈ ಕೆಲಸ ಮಾಡುವುದು ಸಿಂಕಿನ ತಳದಲ್ಲಿ, ಅದು ಕಲ್ಲಿನಿಂದ 8-9 ಇಂಚು ಕೆಳಗಿರುತ್ತದೆ. ಸಿಂಕಿನ ಕಟ್ಟೆ ಎರಡು ಇಂಚು ಎತ್ತರವಾದರೆ ಸೊಂಟ ಬಾಗುವುದು ತಪ್ಪುತ್ತದೆ. ಯುಟಿಲಿಟಿಯ ಕಟ್ಟೆಯನ್ನು 36 ಇಂಚಿಗೆ ಮಾಡಿಸಿದರೆ ಇನ್ನೊಂದು ಅನುಕೂಲ ಇದೆ. ಡಿಶ್‌ವಾಷರ್, ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಎರಡೂ ಸುಮಾರು 85 ಸೆಂಟಿಮೀಟರ್, ಅಂದರೆ 33.5 ಇಂಚು ಎತ್ತರ. 33ರ ಕಟ್ಟೆಯ ಕೆಳಗೆ ಅವು ಹೋಗುವುದಿಲ್ಲ, 36ರ ಕೆಳಗೆ ಸಲೀಸಾಗಿ ಹೋಗುತ್ತವೆ.

ನಂಬಿಕೆ ಬರದಿದ್ದರೆ ಸೈಟಿನಲ್ಲೇ ಪರೀಕ್ಷೆ ಮಾಡಿ. 8 ಇಂಚು ಎತ್ತರದ ನಾಲ್ಕು ಸಿಮೆಂಟ್ ಬ್ಲಾಕ್ ಒಂದರ ಮೇಲೊಂದು ಇಟ್ಟರೆ 32 ಇಂಚು. ಅಂಥ ಎರಡು ಸಾಲಿನ ಮೇಲೆ ಹಲಗೆ ಹಾಕಿ, ಮನೆಯ ಒಲೆ, ಪಾತ್ರೆ ತಂದಿಟ್ಟು ಕೈಯಾಡಿಸಿ ನೋಡಿ. ಹಲಗೆ ಸೇರಿಸಿ, ತೆಗೆದು ನಿಮ್ಮ ಎತ್ತರ ಕಂಡುಕೊಳ್ಳಿ.

ಎಚ್ಚರ: ಮೇಲೆ ಹೇಳಿದ ಎಲ್ಲ ಎತ್ತರವೂ ಟೈಲ್ಸ್ ಹಾಕಿ ಮುಗಿದ ನೆಲದಿಂದ. ಕಟ್ಟೆಯ ಕೆಲಸ ನಡೆಯುವಾಗ ಕೆಳಗಿರುವುದು ಬರಿ ಕಾಂಕ್ರೀಟು. ಆಮೇಲೆ ಗಾರೆಯ ಬೆಡ್ ಮತ್ತು ಟೈಲ್ಸ್ ಸೇರಿ ನೆಲ ಎರಡರಿಂದ ಮೂರು ಇಂಚು ಮೇಲೇರುತ್ತದೆ. 33 ಎಂದು ಹೇಳಿದ್ದು 30 ಆಗುವುದು ಹೀಗೆ. ಮೊದಲೇ ನೀರಿನ ಲೆವೆಲ್ ಟ್ಯೂಬು ಹಿಡಿಸಿ, ಮುಗಿದ ನೆಲದಿಂದ ಸರಿಯಾಗಿ 3 ಅಡಿ ಎತ್ತರಕ್ಕೆ ನಾಲ್ಕೂ ಗೋಡೆಗೆ ಗೆರೆ ಹೊಡೆಸಿ. ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಎಲ್ಲರೂ ಆ ಗೆರೆಯಿಂದಲೇ ಅಳೆಯಲಿ.

5. ನೀರು ಬರುವುದು, ನೀರು ಹೋಗುವುದು

ಮೊದಲು ಸಿಂಕ್ ಆರಿಸಿ, ಆಮೇಲೆ ಪೈಪು. 24×18 ಇಂಚಿನ ಒಂದೇ ಬಟ್ಟಲಿನ ಸಿಂಕ್, 9 ಇಂಚು ಆಳ, ಹೆಚ್ಚಿನ ಮನೆಗಳಿಗೆ ಸಾಕು. ಎರಡು ಬಟ್ಟಲಿನದು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಒಂದೊಂದು ಬಟ್ಟಲೂ ಕಿರಿದಾಗಿ ಇಡ್ಲಿ ಪಾತ್ರೆ ಎರಡರಲ್ಲೂ ಹಿಡಿಸುವುದಿಲ್ಲ. ಪಟ್ಟಿಯಲ್ಲಿರುವ ದೊಡ್ಡ ಪಾತ್ರೆಯನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ಸ್ಟೀಲು 304 ದರ್ಜೆಯದ್ದಿರಲಿ. 202 ದರ್ಜೆಯದು ಬೋರ್‌ವೆಲ್ ನೀರಿಗೆ ಬೇಗ ಕಲೆ ಕಟ್ಟುತ್ತದೆ.

ನೀರಿನ ಪಾಯಿಂಟುಗಳು: ಸಿಂಕಿನ ನಲ್ಲಿಗೆ ತಣ್ಣೀರು, ಬಿಸಿನೀರು ಒಂದೊಂದು, ನೀರಿನ ಫಿಲ್ಟರಿಗೆ ಒಂದು, ಡಿಶ್‌ವಾಷರಿಗೆ ಒಂದು. ನಲ್ಲಿಯವು ಕಟ್ಟೆಯ ಕೆಳಗೆ ನೆಲದಿಂದ 18-20 ಇಂಚಿಗೆ ಬರಲಿ, ಪ್ರತಿಯೊಂದಕ್ಕೂ ಆಂಗಲ್ ಕಾಕ್ ಇರಲಿ. ಆಂಗಲ್ ಕಾಕ್ ಎಂದರೆ ಆ ಒಂದು ಪಾಯಿಂಟನ್ನಷ್ಟೇ ನಿಲ್ಲಿಸುವ ಚಿಕ್ಕ ತಿರುಪು. ಅದಿಲ್ಲದಿದ್ದರೆ ವಾಷರ್ ಬದಲಿಸಲೂ ಇಡೀ ಮನೆಯ ನೀರು ಬಂದ್ ಮಾಡಬೇಕು. ಬಿಸಿನೀರಿಗೆ ಸಿಪಿವಿಸಿ ಪೈಪೇ ಬೇಕು, ಸಾಮಾನ್ಯ ಪಿವಿಸಿ ಬಿಸಿಗೆ ಬಾಗುತ್ತದೆ.

ಕಾವೇರಿ ನೀರು ಮತ್ತು ಬೋರ್ ನೀರು ಎರಡೂ ಬರುವ ಮನೆಯಾದರೆ ಅಡುಗೆಮನೆಗೆ ಕಾವೇರಿ ನೀರಿನ ಬೇರೆ ಲೈನ್ ಎಳೆಸಿ. ಫಿಲ್ಟರ್ ಕೊಳ್ಳುವ ಮೊದಲು ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾಂಶ, ಅಳೆಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಆರ್‌ಒ ಹಾಕಿ ನೀರು ಪೋಲು ಮಾಡುವ ಅಗತ್ಯ ಇಲ್ಲ. ಆರ್‌ಒ ಬೇಕೇ ಆದರೆ ಅದು ಹೊರಬಿಡುವ ನೀರನ್ನು ಯುಟಿಲಿಟಿಯ ಬಕೆಟ್ಟಿಗೆ ತರುವ ಸಣ್ಣ ಪೈಪನ್ನೂ ಈಗಲೇ ಹಾಕಿಸಿ. ನೆಲ ಒರೆಸಲು ಆಗುತ್ತದೆ.

ಮೇಲಿನ ಟ್ಯಾಂಕಿನ ತಳ ನಲ್ಲಿಗಿಂತ 10 ಅಡಿಯಷ್ಟೇ ಮೇಲಿದ್ದರೆ ಒತ್ತಡ 0.3 ಬಾರ್‌ಗೆ ಮೀರುವುದಿಲ್ಲ. ಮೇಲಿನ ಮಹಡಿಯ ಅಡುಗೆಮನೆಗಳಲ್ಲಿ ನೀರು ಸಣ್ಣಗೆ ಬರುವುದಕ್ಕೆ ಕಾರಣ ಇದು. ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸುವ ನಿರ್ಧಾರವೂ ಈಗಲೇ ಆಗಬೇಕು.

ಹೊರಹೋಗುವ ಪೈಪು 2 ಇಂಚಿಗೆ ಕಡಿಮೆ ಬೇಡ, ಪ್ರತಿ 40 ಇಂಚು ಉದ್ದಕ್ಕೆ 1 ಇಂಚು ಇಳಿಜಾರು ಇರಲಿ. ಗಂಜಿ, ಎಣ್ಣೆ, ರಾಗಿಹಿಟ್ಟಿನ ಗಷ್ಟು ಸೇರಿ ಕಟ್ಟುವುದು ತಿರುವುಗಳಲ್ಲಿ. 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡು ಹಾಕಿಸಿ, ತಿರುವಿನಲ್ಲಿ ತಿರುಪಿ ತೆಗೆಯುವ ಮುಚ್ಚಳ ಕೇಳಿ. ಸಿಂಕಿನ ನೀರು ನೇರ ಚೇಂಬರಿಗೆ ಬೀಳಬಾರದು, ಹೊರಗೆ ಗಲ್ಲಿ ಟ್ರ್ಯಾಪ್ ದಾಟಿ ಹೋಗಬೇಕು. ಟ್ರ್ಯಾಪ್ ಎಂದರೆ ಸದಾ ಸ್ವಲ್ಪ ನೀರು ನಿಲ್ಲುವ ಬಾಗು. ವಾಸನೆ, ಜಿರಳೆ ಒಳಗೆ ಬರದಂತೆ ತಡೆಯುವುದು ಆ ನಿಂತ ನೀರೇ.

6. ಗ್ಯಾಸ್

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಕಿಟಕಿ ತೆರೆದಿದೆ ಎಂಬ ಧೈರ್ಯ ಸಾಲದು. ಸಿಲಿಂಡರ್ ಕಪಾಟಿನ ಬಾಗಿಲಿನ ತಳದಲ್ಲಿ ಜಾಲರಿ ಬೇಕು, ಹೊರಗೋಡೆಯಲ್ಲೂ ನೆಲದ ಮಟ್ಟಕ್ಕೆ ಒಂದು ಕಿಂಡಿ ಇರಬೇಕು. ನೆಲಕ್ಕಿಂತ ತಗ್ಗಿದ ಗುಂಡಿಯಲ್ಲಿ ಸಿಲಿಂಡರ್ ಇಡಲೇಬಾರದು. ಆ ಕಪಾಟಿನೊಳಗೆ ಪ್ಲಗ್ ಪಾಯಿಂಟ್ ಕೂಡದು.

14.2 ಕಿಲೋ ಸಿಲಿಂಡರ್ ಕೂರಲು ಒಳಗೆ 16 ಇಂಚು ಅಗಲ ಬೇಕು, ರೆಗ್ಯುಲೇಟರ್ ಹಾಕಿ ತೆಗೆಯಲು ಕೈಯಾಡುವಂತೆ 28 ಇಂಚು ಎತ್ತರ ಬೇಕು. ಒಲೆಯ ಜಾಗವನ್ನು 28ಕ್ಕೆ ತಗ್ಗಿಸಿದವರಿಗೆ ಒಲೆಯ ಕೆಳಗೆ ಈ ಎತ್ತರ ಸಿಗುವುದಿಲ್ಲ. ಸಿಲಿಂಡರ್ ಪಕ್ಕದ ಎತ್ತರದ ಭಾಗದ ಕೆಳಗೆ ಬರಲಿ, ಅಥವಾ ಇನ್ನೂ ಒಳ್ಳೆಯದು, ಯುಟಿಲಿಟಿಯಲ್ಲಿ ನೆರಳಿರುವ ಜಾಗದಲ್ಲಿ ನಿಲ್ಲಲಿ. ಹೊರಗಿಡುವುದಾದರೆ ಗೋಡೆ ದಾಟಿಸಲು ತಾಮ್ರದ ಪೈಪೇ ಬೇಕು. ರಬ್ಬರ್ ಟ್ಯೂಬನ್ನು ಗೋಡೆಯ ತೂತಿನಲ್ಲಿ ತೂರಿಸಬಾರದು, ಒಳಗೆ ಬಿರುಕು ಬಿಟ್ಟರೆ ಕಾಣುವುದಿಲ್ಲ. ಸುರಕ್ಷಾ ಟ್ಯೂಬ್ ಒಂದೂವರೆ ಮೀಟರ್ ಮೀರದಿರಲಿ, 5 ವರ್ಷಕ್ಕೊಮ್ಮೆ ಬದಲಾಗಲಿ. ಸೋರಿಕೆಯಾದರೆ ಕರೆ ಮಾಡಬೇಕಾದ ಸಂಖ್ಯೆ 1906, ಗೃಹಪ್ರವೇಶದ ದಿನವೇ ಕಪಾಟಿನ ಒಳಬಾಗಿಲಿಗೆ ಬರೆದು ಅಂಟಿಸಿ.

ನಿಮ್ಮ ಬಡಾವಣೆಗೆ ಕೊಳವೆ ಗ್ಯಾಸ್ ಬರುವ ಹಾಗಿದ್ದರೆ ಹೊರಗೋಡೆಯಿಂದ ಒಲೆಯವರೆಗಿನ ದಾರಿ ಖಾಲಿ ಬಿಡಿ. ಒಲೆಯ ಜೆಟ್ ಆಗ ಬದಲಿಸಬೇಕಾಗುತ್ತದೆ, ಒಲೆಯನ್ನೇ ಬದಲಿಸಬೇಕಾಗಿಲ್ಲ.

7. ಹೊಗೆ ಮತ್ತು ಒಗ್ಗರಣೆಯ ಘಾಟು

ಅಡುಗೆಮನೆ ಹಾಲಿಗೆ ತೆರೆದಿದ್ದರೆ ಚಿಮಣಿ ಬೇಕು. ಬಾಗಿಲಿದ್ದು ದೊಡ್ಡ ಕಿಟಕಿಯೂ ಇದ್ದರೆ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕಾಗುತ್ತದೆ. ಫ್ಯಾನ್ ಒಲೆಯ ಹತ್ತಿರ, ಸೂರಿನ ಬಳಿ ಇರಲಿ. ತೆರೆದ ಕಿಟಕಿಯ ಪಕ್ಕದಲ್ಲೇ ಇಟ್ಟರೆ ಅದು ಕಿಟಕಿಯ ಗಾಳಿಯನ್ನೇ ಎಳೆದು ಹೊರಹಾಕುತ್ತಿರುತ್ತದೆ, ಹೊಗೆ ಇದ್ದಲ್ಲೇ ಇರುತ್ತದೆ.

ಚಿಮಣಿಯಾದರೆ ಎರಡು-ಮೂರು ಬರ್ನರ್‌ಗೆ 60 ಸೆಂಟಿಮೀಟರ್, ನಾಲ್ಕಕ್ಕೆ 75 ಅಥವಾ 90. ಬರ್ನರ್‌ನಿಂದ 26ರಿಂದ 30 ಇಂಚು ಮೇಲೆ ಕೂರಬೇಕು. ಹೊಗೆ ಪೈಪು 6 ಇಂಚಿನದು, ಆದಷ್ಟು ನೇರ, ತಿರುವು ಎರಡಕ್ಕಿಂತ ಹೆಚ್ಚು ಬೇಡ. ಗೋಡೆಯ ತೂತನ್ನು ಈಗಲೇ ಬಿಡಿಸಿ, 7 ಅಡಿಯ ಲಿಂಟಲ್ ಬೀಮಿಗೆ ತಾಗದಂತೆ. ಇಲ್ಲಿ ಆಗುವ ದೊಡ್ಡ ತಪ್ಪು ಅಟ್ಟದ್ದು. ಒಲೆಯ ಗೋಡೆಯ ಉದ್ದಕ್ಕೂ ಕಾಂಕ್ರೀಟ್ ಅಟ್ಟ ಹಾಕಿಸಿಬಿಟ್ಟರೆ ಚಿಮಣಿಯ ಪೈಪಿಗೆ ದಾರಿಯೇ ಇರುವುದಿಲ್ಲ. ಅಟ್ಟ ಎದುರು ಗೋಡೆಗೆ ಬರಲಿ.

8. ಕರೆಂಟ್ ಪಾಯಿಂಟ್

ಎರಡನೆಯ ಪಟ್ಟಿಯಲ್ಲಿ ಬರೆದ ವ್ಯಾಟ್ ಈಗ ತೆಗೆಯಿರಿ. 1000 ವ್ಯಾಟ್ ಮೀರಿದ್ದಕ್ಕೆಲ್ಲ 16 ಆಂಪಿಯರ್ ಪಾಯಿಂಟ್ ಕೊಡಿಸಿ: ಇಂಡಕ್ಷನ್, ಓವನ್, ಡಿಶ್‌ವಾಷರ್, ಗೀಸರ್, ವಾಷಿಂಗ್ ಮೆಷಿನ್. ಇವಕ್ಕೆ 4 ಚದರ ಮಿಲಿಮೀಟರ್ ತಾಮ್ರದ ವೈರು, ಪ್ರತಿಯೊಂದಕ್ಕೂ ಬೇರೆ ಎಂಸಿಬಿ, ಅಂದರೆ ಹೊರೆ ಮೀರಿದಾಗ ತಾನೇ ಬೀಳುವ ಸ್ವಿಚ್ಚು, ಬೇಕು. 2000 ವ್ಯಾಟಿನ ಇಂಡಕ್ಷನ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಲೈನಿಗೆ ಓವನ್, ಕೆಟಲ್ ಸೇರಿಸಿದರೆ ಬೆಳಗಿನ ಅವಸರದಲ್ಲಿ ಎಂಸಿಬಿ ಬೀಳುತ್ತಲೇ ಇರುತ್ತದೆ. ಮಿಕ್ಸಿ, ಗ್ರೈಂಡರ್, ಫಿಲ್ಟರ್, ಫ್ರಿಜ್ಜಿಗೆ 6 ಆಂಪಿಯರ್ ಪಾಯಿಂಟ್, 2.5ರ ವೈರು ಸಾಕು. ಫ್ರಿಜ್ಜಿನ ಲೈನ್ ಮಾತ್ರ ಬೇರೆಯೇ ಇರಲಿ, ಊರಿಗೆ ಹೋಗುವಾಗ ಉಳಿದದ್ದೆಲ್ಲ ಬಂದ್ ಮಾಡಬಹುದು.

ಕಟ್ಟೆಯ ಮೇಲಿನ ಪಾಯಿಂಟುಗಳು ಕಲ್ಲಿನಿಂದ 8-10 ಇಂಚು ಮೇಲೆ, ಸಿಂಕಿನಿಂದಲೂ ಒಲೆಯಿಂದಲೂ 2 ಅಡಿ ದೂರ. ಒದ್ದೆ ಕೈ ಸದಾ ಓಡಾಡುವ ಜಾಗ ಇದು. 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಮೈಗೆ ಅಥವಾ ನೆಲಕ್ಕೆ ಸೋರಿದ ಕ್ಷಣದಲ್ಲಿ ಲೈನ್ ಕಡಿಯುವ ಸ್ವಿಚ್ಚು, ಇಲ್ಲದೆ ಅಡುಗೆಮನೆಯ ವೈರಿಂಗ್ ಒಪ್ಪಿಕೊಳ್ಳಬೇಡಿ.

ದೀಪದ ವಿಷಯ ಒಂದೇ: ಸೂರಿನ ನಡುವಿನ ದೀಪ ನಿಮ್ಮ ಬೆನ್ನ ಹಿಂದೆ ಉರಿಯುತ್ತದೆ, ಹೆಚ್ಚುವ ಕಡೆ ನಿಮ್ಮದೇ ನೆರಳು. ಮೇಲಿನ ಕಪಾಟಿನ ತಳಕ್ಕೆ ಎಲ್‌ಇಡಿ ಪಟ್ಟಿ ಹಾಕಲು ಒಂದು ವೈರು ಈಗಲೇ ಎಳೆಸಿಡಿ.

9. ಮುಚ್ಚುವ ಮೊದಲು ಫೋಟೋ

ಪೈಪು, ವೈರು ಎಲ್ಲ ಕೂತ ಮೇಲೆ, ಪ್ಲಾಸ್ಟರಿಂಗ್‌ಗೆ ಮೊದಲು, ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆಯಿರಿ. ಅಡ್ಡಕ್ಕೊಂದು, ಉದ್ದಕ್ಕೊಂದು. ಮುಂದೆ ಕಪಾಟಿನವರು ಡ್ರಿಲ್ ಹಿಡಿದು ಬಂದಾಗ ಆ ಫೋಟೋ ಕೈಗೆ ಕೊಡಿ. ನೀರಿನ ಪೈಪಿಗೆ ಮೊಳೆ ಬಿದ್ದರೆ ಟೈಲ್ಸ್ ಒಡೆಯದೆ ಬೇರೆ ದಾರಿ ಇಲ್ಲ. ಪೈಪಿಗೆ ಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟು ಸೋರಿಕೆ ನೋಡುವುದೂ ಈಗಲೇ.

10. ಕಲ್ಲು

ಗ್ರಾನೈಟ್ ಸಾಕು, ಅದೇ ಸರಿ. ಅಮೃತಶಿಲೆಗೆ ಹುಣಸೆಹುಳಿ, ನಿಂಬೆರಸ ಬಿದ್ದರೆ ಹೊಳಪು ತಿಂದುಹೋಗುತ್ತದೆ. ತಿಳಿಬಣ್ಣದ ಗ್ರಾನೈಟಿಗೆ ಅರಿಶಿನ, ಎಣ್ಣೆ ಕಲೆ ಹಿಡಿಯುತ್ತದೆ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಎರಡೂ ನಮ್ಮಲ್ಲೇ ಸಿಗುವ ಗಟ್ಟಿ ಕಲ್ಲುಗಳು. ಗಡಸು ಬೋರ್ ನೀರಿರುವ ಕಡೆ ಅಚ್ಚಕಪ್ಪಿನ ಮೇಲೆ ಬಿಳಿ ಕಲೆ ಎದ್ದು ಕಾಣುತ್ತದೆ ಎಂಬುದು ಗೊತ್ತಿರಲಿ.

ಕಲ್ಲು ಕತ್ತರಿಸುವ ಮೊದಲು ಸಿಂಕ್, ಹಾಬ್ ಎರಡೂ ಕೊಂಡು ಸೈಟಿನಲ್ಲಿರಬೇಕು. ಕಂಪನಿಯ ಹಾಳೆಯ ಅಳತೆ ನಂಬಿ ಕತ್ತರಿಸಬೇಡಿ. ಕತ್ತರಿಸಿದ ಚೌಕದ ಮೂಲೆಗಳು ದುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುತ್ತದೆ. ಎರಡು ಕಲ್ಲಿನ ಜಾಯಿಂಟ್ ಸಿಂಕಿನ ಮೇಲೋ ಒಲೆಯ ಮೇಲೋ ಬರದಂತೆ ನೋಡಿಕೊಳ್ಳಿ. ಮುಂದಿನ ಅಂಚು ಕಪಾಟಿಗಿಂತ ಒಂದು ಇಂಚು ಹೊರಚಾಚಿ, ಅದರ ತಳದಲ್ಲಿ ಸಣ್ಣ ಗೀರು ಕೊರೆಸಿ. ಚೆಲ್ಲಿದ ನೀರು ಆ ಗೀರಿನಲ್ಲಿ ತುಂಡಾಗಿ ಕೆಳಗೆ ಬೀಳುತ್ತದೆ, ಕಪಾಟಿನ ಬಾಗಿಲಿಗೆ ಇಳಿಯುವುದಿಲ್ಲ.

11. ಕಪಾಟು

ಸಿಂಕಿನ ಕೆಳಗೆ ಪ್ಲೈವುಡ್ ಬೇಡ. ಅಲ್ಲಿ ಕಡಪ ಕಲ್ಲಿನ ಗೋಡೆ, ಮುಂದೆ ಬಾಗಿಲು ಮಾತ್ರ. ಖರ್ಚು ಹಿಡಿತದಲ್ಲಿರಬೇಕಾದವರು ಕೆಳಗಿನ ಕಪಾಟನ್ನೆಲ್ಲ ಕಡಪದಲ್ಲೇ ಮಾಡಿಸಬಹುದು. ಗೆದ್ದಲು ಹಿಡಿಯುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. ಪ್ಲೈವುಡ್ಡೇ ಆದರೆ ಹಾಳೆಯ ಮೇಲೆ ನೀರು ತಾಳುವ ಪ್ಲೈವುಡ್ಡಿನ ಐಎಸ್ 710 ಮುದ್ರೆ ಇರುವುದನ್ನು ಕೇಳಿ, ಕತ್ತರಿಸುವ ಮೊದಲು ನೀವೇ ನೋಡಿ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದರೆ ಹಿಂಜ್ ಹಿಡಿಯುವುದಿಲ್ಲ, ಬಾಗಿಲು ಜೋಲುತ್ತದೆ. ಕರಾವಳಿಯಲ್ಲಿ ಹಿಂಜ್, ಸ್ಕ್ರೂ ಎಲ್ಲವೂ 304 ಸ್ಟೀಲಿನದೇ ಇರಲಿ.

ಕೆಳಗೆ ಬಾಗಿಲಿಗಿಂತ ಡ್ರಾಯರ್ ಲೇಸು. ಬಗ್ಗಿ ಒಳಗೆ ಕೈ ಹಾಕುವುದು ತಪ್ಪುತ್ತದೆ. ಮೇಲಿನದರ ಎತ್ತರ 5 ಇಂಚು (ಸೌಟು, ಚಮಚ), ನಡುವೆ 8 (ತಟ್ಟೆ, ಲೋಟ), ಕೆಳಗೆ 12ರಿಂದ 14 (ಕುಕ್ಕರ್, ಬಾಣಲೆ). ತಳದಲ್ಲಿ 4 ಇಂಚು ಎತ್ತರ, 3 ಇಂಚು ಒಳಗೆ ಸರಿದ ಪಟ್ಟಿ ಬಿಡಿಸಿ. ಕಾಲ್ಬೆರಳಿಗೆ ಜಾಗ ಇಲ್ಲದಿದ್ದರೆ ಇಡೀ ದಿನ ಮುಂದಕ್ಕೆ ಬಾಗಿ ನಿಲ್ಲಬೇಕಾಗುತ್ತದೆ. ಎಲ್ ಮೂಲೆಯ ಕತ್ತಲ ಜಾಗಕ್ಕೆ ತಿರುಗುವ ತಟ್ಟೆಗಳನ್ನು ಕೂರಿಸಲು ಅಂಗಡಿಯವರು ಒತ್ತಾಯಿಸುತ್ತಾರೆ. ಹಬ್ಬದ ದೊಡ್ಡ ಪಾತ್ರೆಗಳಿಗೆ ಅದನ್ನು ಖಾಲಿ ಬಿಡುವುದೇ ಮೇಲು.

ಮೇಲಿನ ಕಪಾಟಿನ ಆಳ 12-13 ಇಂಚು ದಾಟಿದರೆ ಹಣೆಗೆ ತಾಗುತ್ತದೆ. ಕಲ್ಲಿನಿಂದ 20-22 ಇಂಚು ಮೇಲೆ ಶುರುವಾಗಲಿ. 5 ಅಡಿ ಎತ್ತರದವರ ಕೈಗೆ ಸ್ಟೂಲಿಲ್ಲದೆ ಎಟುಕುವುದು ಸುಮಾರು 6 ಅಡಿಯವರೆಗೆ. ನಿತ್ಯದ ಡಬ್ಬಗಳಿಗೆ ಲೆಕ್ಕ ಹಾಕಬೇಕಾದ ಜಾಗ ಅಷ್ಟೇ.

12. ಹಣದ ಕೊನೆಯ ಕಂತು ಕೊಡುವ ಮೊದಲು

ಸಿಂಕ್ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಟ್ಟು, ಕೆಳಗೆ ಒಣ ಕಾಗದ ಹಾಸಿ ನೋಡಿ. ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಗ್ಯಾಸಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ. ಬೆಂಕಿಕಡ್ಡಿ ಗೀರಿ ನೋಡುವುದು ಬೇಡವೇ ಬೇಡ. ಇಂಡಕ್ಷನ್, ಓವನ್, ಮಿಕ್ಸಿ ಒಟ್ಟಿಗೆ ಹತ್ತು ನಿಮಿಷ ಓಡಿಸಿ ಪ್ಲಗ್ಗು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಸಾಕೆಟ್ಟಿನ ಸ್ಕ್ರೂ ಸಡಿಲ ಇದೆ. ಆರ್‌ಸಿಸಿಬಿಯ ಮೇಲಿನ ಪರೀಕ್ಷೆ ಗುಂಡಿ ಒತ್ತಿ, ಲೈನ್ ಕಡಿಯಲೇಬೇಕು. ಚಿಮಣಿ ಹಾಕಿ ಜಾಲರಿಗೆ ಒಂದು ಹಾಳೆ ಹಿಡಿಯಿರಿ, ಹಾಳೆ ಅಂಟಿಕೊಂಡು ನಿಲ್ಲಬೇಕು. ನೆಲಕ್ಕೆ ಒಂದು ಚೊಂಬು ನೀರು ಸುರಿದು ಅದು ಯುಟಿಲಿಟಿಯ ಕಡೆಗೇ ಹರಿಯುವುದನ್ನು ನೋಡಿದ ಮೇಲೆ ಹಣ ಕೊಡಿ.